ಹ್ಯಾಂಡಲಿನ ಅಗಲ

ಸಂಜೆಯ ಹೊತ್ತು ಅವೆನ್ಯೂ ರಸ್ತೆಯಲ್ಲಿ ನಡೆದು ರೂಢಿಯಿರುವವರಿಗೆ ಒಂದು ವಿದ್ಯೆ ತಾನಾಗಿಯೇ ಕೈವಶವಾಗುತ್ತದೆ. ಅದು ಮೈಯನ್ನು ಕಿರಿದು ಮಾಡಿಕೊಳ್ಳುವ ವಿದ್ಯೆ. ಎದುರಿಗೆ ಬಟ್ಟೆಯ ಗಂಟು ಹೊತ್ತ ಕೂಲಿಯಾಳು ಬಂದರೆ ಎಡಭುಜವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಕೈಗಾಡಿ ಬಂದರೆ ಯಾವುದಾದರೂ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲಿಡಬೇಕು. ಮದುವೆಯ ಜವಳಿಗೆ ಹೊರಟ ಸಂಸಾರವೊಂದು ಎದುರಾದರೆ ಅವರೆಲ್ಲರೂ ಸಾಗುವವರೆಗೆ ಕಂಬದಂತೆ ನಿಂತುಬಿಡಬೇಕು. ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದ ಪೇಟೆಯ ದೊಡ್ಡ ಬೀದಿ ಇದು. ದೊಡ್ಡಪೇಟೆ ಎಂಬ ಹೆಸರು ಅದಕ್ಕೆ ಅನ್ವರ್ಥವಾಗಿದ್ದ ಕಾಲದಲ್ಲಿ ಎತ್ತಿನ ಗಾಡಿಗಳು ಓಡಾಡುತ್ತಿದ್ದ ಜಾಗದಲ್ಲಿಯೇ ಇಂದು ಸ್ಕೂಟರು, ಆಟೋರಿಕ್ಷಾ, ಸಾಮಾನಿನ ಗಾಡಿ ಎಲ್ಲವೂ ನುಸುಳಬೇಕಾಗಿದೆ. ರಸ್ತೆಯನ್ನು ಅಗಲ ಮಾಡಬೇಕೆಂದು ನಗರಪಾಲಿಕೆಯವರು ಯೋಜನೆ ಹಾಕಿದ್ದೂ ಉಂಟು, ವರ್ತಕರು ಪ್ರತಿಭಟಿಸಿದ್ದೂ ಉಂಟು. ರಸ್ತೆ ಮಾತ್ರ ತನ್ನ ಇಕ್ಕಟ್ಟನ್ನು ಬಿಟ್ಟುಕೊಡಲಿಲ್ಲ.

ಇಂಥ ರಸ್ತೆಯೊಳಕ್ಕೆ ಈಚೆಗೆ ಒಂದು ಶನಿವಾರ ಸಂಜೆ, ೭೮೦ ಮಿಲಿಮೀಟರ್ ಅಗಲದ ಹ್ಯಾಂಡಲ್ ಹೊತ್ತ ಒಂದು ಹೊಸ ಸೈಕಲ್ಲು ಪ್ರವೇಶ ಮಾಡಿತು. ಅದನ್ನು ತಳ್ಳಿಕೊಂಡು ಬರುತ್ತಿದ್ದವಳು ಇಪ್ಪತ್ತಮೂರು ವರ್ಷದ ಹುಡುಗಿ. ಎತ್ತರ ಐದಡಿ ಒಂದಂಗುಲ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಸಂಬಳದಲ್ಲಿ ಉಳಿಸಿ ಕೊಂಡ ಗುಡ್ಡಗಾಡಿನ ಸೈಕಲ್ಲು, ಮೌಂಟನ್ ಬೈಕ್ ಎನ್ನುವರಲ್ಲ, ಅದು. ಮೈಸೂರು ಬ್ಯಾಂಕ್ ವೃತ್ತದಿಂದ ಸ್ವಲ್ಪ ದೂರ ಯಾವ ಅನಾಹುತವೂ ಆಗಲಿಲ್ಲ. ಅಲ್ಲಿಂದ ಮುಂದೆ ಹ್ಯಾಂಡಲಿನ ಬಲತುದಿ ಒಬ್ಬ ವೃದ್ಧೆಯ ಕೈಚೀಲಕ್ಕೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ಎಡತುದಿ ಒಂದು ಅಂಗಡಿಯ ಮುಂದೆ ಪೇರಿಸಿದ್ದ ನೋಟುಪುಸ್ತಕಗಳ ಕಟ್ಟುಗಳನ್ನು ನೆಲಕ್ಕುರುಳಿಸಿತು. ಅಂಗಡಿಯವರು ಬೈಯಲಿಲ್ಲ. ಹುಡುಗಿ ಪಕ್ಕದ ಓಣಿಯ ಬೈಂಡಿಂಗ್ ಯಜಮಾನರ ಮೊಮ್ಮಗಳೆಂಬುದು ಅವರಿಗೆ ಗೊತ್ತಿತ್ತು. "ಏನಮ್ಮಾ, ಇದು ಸೈಕಲ್ಲೋ, ಹಳ್ಳಿಕಾರ್ ಎತ್ತಿನ ಕೊಂಬೋ?" ಎಂದಷ್ಟೇ ಕೇಳಿದರು.

ಮನೆಯ ಬಾಗಿಲಿನಲ್ಲಿ ನಿಜವಾದ ಸಂಕಟ ಎದುರಾಯಿತು. ಆ ಓಣಿಯ ಮನೆ ಹಳೆಯದು. ಮುಂದೆ ತಾತನ ಬೈಂಡಿಂಗ್ ಕೋಣೆ, ಹಿಂದೆ ವಾಸ. ಬೀದಿಬಾಗಿಲಿಗೆ ಎರಡು ಕದಗಳಿದ್ದರೂ ಎಡಗಡೆಯ ಕದದ ಅಗುಳಿ ತುಕ್ಕು ಹಿಡಿದು ಯಾವ ಕಾಲವಾಯಿತೋ. ಮನೆಯವರೆಲ್ಲರೂ ಒಂದೇ ಕದದ ಸಂದಿಯಲ್ಲಿ ಓಡಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಆ ಸಂದಿ ಎರಡಡಿಗಿಂತ ಸ್ವಲ್ಪ ಹೆಚ್ಚು. ಹ್ಯಾಂಡಲೋ ಎರಡೂವರೆ ಅಡಿಯನ್ನು ಮೀರಿದ್ದು. ಮುಂದಿನ ಚಕ್ರವನ್ನು ಮೇಲಕ್ಕೆತ್ತಿ, ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಹೊಸ ಮಂಚವನ್ನು ಒಳಗೆ ತರುವವರಂತೆ ತಾತ ಮೊಮ್ಮಗಳಿಬ್ಬರೂ ಹೆಣಗಿ ಅದನ್ನು ಹಜಾರಕ್ಕೆ ಸೇರಿಸಿದರು. ಬಾಗಿಲವಾಡದ ಮೇಲೊಂದು ಗೀರು ಬಿದ್ದಿತು. ಹುಡುಗಿಯ ತಾಯಿ ಆ ಗೀರನ್ನು ನೋಡಿದರು, ಸೈಕಲ್ಲನ್ನು ನೋಡಿದರು, ಏನೂ ಮಾತನಾಡದೆ ಒಳಗೆ ಹೋದರು.

ಮಾತು ಬಂದದ್ದು ಮೂರು ವಾರಗಳ ಅನಂತರ. ಪ್ರತಿ ಭಾನುವಾರ ಬೆಳಗಿನ ಐದೂವರೆಗೆ ಹುಡುಗಿ ಸ್ನೇಹಿತೆಯರೊಡನೆ ತುರಹಳ್ಳಿಯ ಕಡೆ ಹೋಗಿ, ಅಲ್ಲಿನ ಕಲ್ಲು ಗೊರಸಲು ಹಾದಿಗಳಲ್ಲಿ ಏರಿಳಿದು, ಹತ್ತು ಗಂಟೆಗೆ ಹಿಂತಿರುಗುತ್ತಿದ್ದಳು. ಮೊದಲನೆಯ ವಾರ ಅವಳ ಮುಖದಲ್ಲಿದ್ದ ಕಳೆ ಮೂರನೆಯ ವಾರಕ್ಕೆ ಉಳಿದಿರಲಿಲ್ಲ. ಬೆನ್ನಿನ ಎರಡು ರೆಕ್ಕೆಗಳ ನಡುವೆ ಉರಿ. ಅಂಗೈಯ ಹೊರ ಅಂಚು, ಕಿರುಬೆರಳು ಜೋಮು. ಮಣಿಕಟ್ಟು ಹಿಂಡಿದ ಹಾಗೆ. ಬಿಗಿಯಾದ ತಿರುವಿನಲ್ಲಿ ಹ್ಯಾಂಡಲಿನ ಹೊರತುದಿ ಕೈಗೆ ಎಟುಕದಷ್ಟು ದೂರ ಹೋಗುತ್ತಿತ್ತು. ಒಮ್ಮೆ ಹಾಗಾಗಿಯೇ ಉರುಳಿ ಮೊಣಕಾಲು ತರಚಿತ್ತು. "ನನ್ನ ಕೈಲಿ ಆಗುವುದಿಲ್ಲವೇನೋ, ತಾತ. ಮಿಕ್ಕವರಿಗೆಲ್ಲ ಸಲೀಸಾಗಿದೆ. ನನಗೇ ಬಲ ಸಾಲದು" ಎಂದಳು.

"ಅದನ್ನೇ ನಾನೂ ಹೇಳುವುದು" ಎಂದರು ತಾಯಿ, ಅರಿಸಿನ ಹಚ್ಚುತ್ತ. "ಆಫೀಸಿನಲ್ಲಿ ನಮ್ಮವರೊಬ್ಬರ ಮಗ ಇಂಥ ಸೈಕಲ್ಲನ್ನೇ ಹುಡುಕುತ್ತಿದ್ದಾನಂತೆ. ಆರಡಿ ಹುಡುಗ. ತಿಂಗಳ ಕೊನೆಯ ಭಾನುವಾರ ಬಂದು ನೋಡುತ್ತಾರೆ. ಹೊಸದಿರುವಾಗಲೇ ಕೊಟ್ಟುಬಿಟ್ಟರೆ ಹೆಚ್ಚು ನಷ್ಟವಾಗುವುದಿಲ್ಲ."

ಹುಡುಗಿ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಮಧ್ಯಮವರ್ಗದ ಸಂಸಾರಗಳಲ್ಲಿ ಎಷ್ಟೋ ಆಸೆಗಳು ಹೀಗೆ ಯಾರೂ ಬೇಡವೆನ್ನದೆಯೇ ಮುಗಿದುಹೋಗುತ್ತವೆ.

ತಾತ ಎಂಬತ್ತೆರಡರ ಹಿರಿಯರು. ಅರುವತ್ತು ವರ್ಷ ಲೆಡ್ಜರು, ಜಮಾಖರ್ಚು ಪುಸ್ತಕಗಳನ್ನು ಹೊಲಿದು, ರಟ್ಟು ಕಟ್ಟಿ, ಅಂಚು ಕತ್ತರಿಸಿದ ಕೈ ಅವರದು. ಲೆಕ್ಕವೆಲ್ಲ ಕಂಪ್ಯೂಟರಿಗೆ ಏರಿದ ಮೇಲೂ ವರ್ಷಾರಂಭದ ಪೂಜೆಗೆ ಕೆಂಪು ರಟ್ಟಿನ ಪುಸ್ತಕವನ್ನು ಬಯಸುವ ವರ್ತಕರು ಪೇಟೆಯಲ್ಲಿ ಇನ್ನೂ ಉಂಟು. ಅವರ ದೆಸೆಯಿಂದ ಕೋಣೆಯ ಬಾಗಿಲು ತೆರೆದೇ ಇದೆ. ಆ ರಾತ್ರಿ ಊಟವಾದ ಮೇಲೆ ಅವರು ಹಜಾರದಲ್ಲಿ ಸೈಕಲ್ಲಿನ ಮುಂದೆ ಕುಳಿತು ಅದರ ಹ್ಯಾಂಡಲನ್ನು ಬಹಳ ಹೊತ್ತು ನೋಡಿದರು. ಅನಂತರ ಹಿತ್ತಲಿಗೆ ಹೋಗಿ, ಗೋಡೆಗೆ ಒರಗಿಸಿದ್ದ, ತಾವು ೧೯೬೪ರಲ್ಲಿ ಕೊಂಡ ಹಳೆಯ ಕಪ್ಪು ಸೈಕಲ್ಲಿನ ಹ್ಯಾಂಡಲಿಗೆ ಟೇಪು ಹಿಡಿದರು. ಐವತ್ತಾರು ಸೆಂಟಿಮೀಟರ್. ಹೊಸದು ಎಪ್ಪತ್ತೆಂಟು. "ಮಗೂ, ಇದಕ್ಕೆ ಯಾಕೆ ಇಷ್ಟು ಅಗಲ?" ಎಂದು ಕೇಳಿದರು.

ಪ್ರಶ್ನೆ ಸರಳವಾದದ್ದು. ಉತ್ತರಕ್ಕಾಗಿ ಅಮೆರಿಕದವರೆಗೆ ಹೋಗಬೇಕಾಗುತ್ತದೆ. ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಕೆಲವು ಹುಡುಗರು, ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು, ಮಣ್ಣುಹಾದಿಯ ಗುಡ್ಡಗಳಿಂದ ಕೆಳಕ್ಕೆ ಬಿಡುತ್ತಿದ್ದರು. ೧೯೭೬ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅವರ ಮೊದಲ ಪಂದ್ಯ ನಡೆಯಿತು. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕಿನ ಗ್ರೀಸು ಕಾದು ಹೊಗೆಯಾಗಿ, ಮತ್ತೆ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಹಾದಿಗೆ 'ರೀಪ್ಯಾಕ್' ಎಂದೇ ಹೆಸರಾಯಿತು. ಆ ಸೈಕಲ್ಲುಗಳಿಗೆ ಅವರು ಮೋಟಾರುಸೈಕಲ್ಲಿನ ಮಾದರಿಯ ಅಗಲವಾದ ಹ್ಯಾಂಡಲುಗಳನ್ನೇ ಹಾಕಿಕೊಂಡಿದ್ದರು. ಮುಂದೆ ಗುಡ್ಡಗಾಡಿನ ಸೈಕಲ್ಲು ಪಂದ್ಯದ ಸೈಕಲ್ಲಾಯಿತು. ೧೯೯೬ರಲ್ಲಿ ಅಟ್ಲಾಂಟದ ಒಲಿಂಪಿಕ್ಸಿಗೂ ಹೋಯಿತು. ವೇಗದ ಹುಚ್ಚಿನಲ್ಲಿ ಹ್ಯಾಂಡಲು ಕಿರಿದಾಗುತ್ತ ೫೬೦, ೫೮೦ ಮಿಲಿಮೀಟರಿಗೆ ಇಳಿಯಿತು. ಎಂದರೆ ತಾತನ ಕಪ್ಪು ಸೈಕಲ್ಲಿನ ಅಳತೆಗೇ ಬಂದು ನಿಂತಿತು! ಆಮೇಲೆ ಗಾಳಿ ಮತ್ತೆ ತಿರುಗಿತು. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಎಂಬ ಚಾಚುಗಂಬ ಮೊದಲು ಗೇಣುದ್ದಕ್ಕೆ ಸ್ವಲ್ಪ ಕಡಿಮೆಯಿದ್ದದ್ದು ಎರಡಂಗುಲಕ್ಕೆ ಇಳಿದಂತೆಲ್ಲ ಹ್ಯಾಂಡಲು ಅಗಲವಾಗುತ್ತ ಹೋಗಿ, ಇಂದು ೭೪೦ರಿಂದ ೮೦೦ ಮಿಲಿಮೀಟರ್ ಸಾಮಾನ್ಯವಾಗಿದೆ.

ಅಗಲದಿಂದ ಲಾಭವಿಲ್ಲದೆ ಇಲ್ಲ. ಇಳಿಜಾರಿನಲ್ಲಿ ಮುಂಚಕ್ರ ಕಲ್ಲಿಗೆ ಬಡಿದಾಗ ಚಕ್ರ ಪಕ್ಕಕ್ಕೆ ಹೊರಳಲು ನೋಡುತ್ತದೆ. ಆ ಹೊರಳನ್ನು ತಡೆಯುವುದು ಸವಾರನ ಕೈ. ಕೈ ಮಧ್ಯದಿಂದ ದೂರವಿದ್ದಷ್ಟೂ ತಡೆಯಲು ಕಡಿಮೆ ಬಲ ಸಾಕು. ತಾತನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಪುಸ್ತಕಗಳನ್ನು ಒತ್ತಿಡುವ ಕಬ್ಬಿಣದ ಪ್ರೆಸ್ಸಿನ ತಿರುಪನ್ನು ಗಿಡ್ಡ ಹಿಡಿಯಿಂದ ತಿರುಗಿಸುವುದಕ್ಕೂ ಉದ್ದ ಹಿಡಿಯಿಂದ ತಿರುಗಿಸುವುದಕ್ಕೂ ಇರುವ ಭೇದವನ್ನು ಅವರ ರಟ್ಟೆಗಳು ಬಲ್ಲವು. ಆದರೆ ತೋಳು ಅಡ್ಡಡ್ಡ ಚಾಚಿದಷ್ಟೂ ಮುಂದಕ್ಕೆ ಚಾಚುವ ಅಳತೆ ಕುಗ್ಗುತ್ತದೆ. ಆಗ ಎದೆ ತಾನೇ ಮುಂದಕ್ಕೆ ಬಾಗಬೇಕು, ಮಣಿಕಟ್ಟು ಓರೆಯಾಗಬೇಕು, ಮೊಣಕೈ ಬಾಗಲು ಎಡೆಯಿಲ್ಲದೆ ನೆಲದ ಹೊಡೆತವೆಲ್ಲ ನೇರವಾಗಿ ಹೆಗಲಿಗೆ ಏರಬೇಕು. ಆರಡಿಯ ಆಳಿಗೆ ಆಸರೆಯಾಗುವ ಅಗಲ ಐದಡಿಯವಳಿಗೆ ಶಿಲುಬೆಯಾಗುವುದು ಹೀಗೆ.

ಹಾಗಾದರೆ ತಯಾರಕರು ಎಲ್ಲರಿಗೂ ಅಷ್ಟು ಅಗಲವನ್ನೇ ಏಕೆ ಕೊಡುತ್ತಾರೆ? ಹೆಣ್ಣುಮಗುವಿಗೆ ಲಂಗ ಹೊಲಿಸುವ ತಾಯಂದಿರಿಗೆ ಇದರ ಉತ್ತರ ಗೊತ್ತು. ಅಂಚನ್ನು ಮಡಿಚಿ ಹೊಲಿದರೆ ಮುಂದೆ ಬಿಚ್ಚಬಹುದು; ಬಟ್ಟೆಯೇ ಸಾಲದಿದ್ದರೆ ಯಾವ ದರ್ಜಿ ಏನು ಮಾಡಿಯಾನು? ಉದ್ದವಾಗಿದ್ದ ಕೊಳವೆಯನ್ನು ಕತ್ತರಿಸಬಹುದು, ಗಿಡ್ಡವಾದುದನ್ನು ಬೆಳೆಸಲಾಗದು. ಕತ್ತರಿಸಲೆಂದೇ ಅನೇಕ ಹ್ಯಾಂಡಲುಗಳ ಎರಡೂ ತುದಿಗಳಲ್ಲಿ ಮಿಲಿಮೀಟರಿನ ಗೆರೆಗಳನ್ನು ಅಚ್ಚುಹಾಕಿರುತ್ತಾರೆ. ಹುಡುಗಿಯ ಸೈಕಲ್ಲಿನಲ್ಲಿಯೂ ಆ ಗೆರೆಗಳಿದ್ದವು, ರಬ್ಬರಿನ ಹಿಡಿಯ ಕೆಳಗೆ. ಮಾರಿದವರು ಹೇಳಿರಲಿಲ್ಲ, ಕೊಂಡವಳು ಕೇಳಿರಲಿಲ್ಲ.

ದೊಡ್ಡ ದೊಡ್ಡವರೂ ಇದರಲ್ಲಿ ಎಡವುವುದುಂಟು. ೨೦೨೫ರ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು, ೨೦೨೬ರ ಆರಂಭದಿಂದ ರಸ್ತೆಯ ಪಂದ್ಯಗಳಲ್ಲಿ ಹ್ಯಾಂಡಲು ೪೦೦ ಮಿಲಿಮೀಟರಿಗಿಂತ ಕಿರಿದಾಗಿರಕೂಡದೆಂದು ಸಾರಿತು. ಅತಿ ಕಿರಿದಾದ ಹ್ಯಾಂಡಲಿನಿಂದ ಅಪಾಯವೆಂಬುದು ಅವರ ವಾದ. ಕೂಡಲೆ ಸಣ್ಣ ಮೈಕಟ್ಟಿನ ಸ್ತ್ರೀ ಸ್ಪರ್ಧಿಗಳ ಕಡೆಯಿಂದ ಆಕ್ಷೇಪಣೆ ಬಂದಿತು. ತಮ್ಮ ಹೆಗಲಿನ ಅಳತೆಗೆ ಒಪ್ಪುವ ಹ್ಯಾಂಡಲೇ ಅದಕ್ಕಿಂತ ಕಿರಿದಾಗಿರುವಾಗ ಏನು ಮಾಡಬೇಕೆಂದು ಅವರು ಕೇಳಿದರು. ಮೊಮ್ಮಗಳು ಈ ಸುದ್ದಿಯನ್ನು ಓದಿ ಹೇಳಿದಾಗ ತಾತ ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಅವರಿಗೆ ಬೇರೆಯೇ ಒಂದು ನೆನಪು ಬಂದಿತ್ತು.

೧೯೮೬ರ ಬೇಸಿಗೆ. ಆಗ ಮಗಳಿಗೆ ಹನ್ನೆರಡು ವರ್ಷ. ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಚಿಕ್ಕ ಸೈಕಲ್ಲುಗಳು ಸಿಗುತ್ತಿದ್ದವು. ಆದರೆ ಮನೆಯಲ್ಲೊಂದು ಸೈಕಲ್ಲಿರುವಾಗ ಬಾಡಿಗೆಗೆ ದುಡ್ಡು ಸುರಿಯುವುದೆಂದರೇನು? ಆ ಕಪ್ಪು ಸೈಕಲ್ಲನ್ನೇ ಚಾಮರಾಜಪೇಟೆಯ ಒಂದು ಮೈದಾನಕ್ಕೆ ತೆಗೆದುಕೊಂಡುಹೋಗಿ, ಅಡ್ಡಬಾರಿನ ಕೆಳಗಿನಿಂದ ಕಾಲು ತೂರಿಸಿ ತುಳಿಯಲು ಅವಳಿಗೆ ಕಲಿಸಿದರು. ಮುಖದ ಎತ್ತರಕ್ಕಿದ್ದ ಹ್ಯಾಂಡಲನ್ನು ಹಿಡಿದು, ಮೈಯನ್ನು ಬಿಲ್ಲಿನಂತೆ ಬಾಗಿಸಿ ಆಕೆ ನಾಲ್ಕು ದಿನ ತುಳಿದಳು. ಐದನೆಯ ದಿನ ಬಿದ್ದಳು. ಎಡಮೊಣಕೈ ಮುರಿಯಿತು. ಕಟ್ಟು ಬಿಚ್ಚಿದ ಮೇಲೂ ಆ ತೋಳು ಪೂರ್ತಿ ನೀಳವಾಗಲಿಲ್ಲ. "ಹೆಣ್ಣುಮಗುವಿಗೆ ಇದು ಒಗ್ಗದು, ಸಾಕು" ಎಂದು ಅಂದು ಹೇಳಿದವರು ಬೇರೆ ಯಾರೂ ಅಲ್ಲ, ಈ ತಾತನೇ. ಇಪ್ಪತ್ತನಾಲ್ಕು ಅಂಗುಲದ ಗಂಡಸರ ಫ್ರೇಮು ಹನ್ನೆರಡು ವರ್ಷದ ಮಗುವಿಗೆ ಒಗ್ಗದು ಎಂದು ಯಾರಿಗೂ ತೋಚಲಿಲ್ಲ. ದೋಷವೆಲ್ಲ ಮಗುವಿನ ಪಾಲಿಗೆ ಬಂದಿತು.

ಮರುದಿನ ಬೆಳಿಗ್ಗೆ ಹಜಾರದಲ್ಲಿ ಅಳತೆ ಆರಂಭವಾಯಿತು. ಅದರ ಕ್ರಮವನ್ನು ಮೊಮ್ಮಗಳು ತಿಳಿದುಕೊಂಡು ಬಂದಿದ್ದಳು. ನೆಲದ ಮೇಲೆ ಬೋರಲು ಮಲಗಿ, ದಂಡ ಹೊಡೆಯುವವರಂತೆ ಅಂಗೈಯೂರಿ ಮೈಯನ್ನೆತ್ತಬೇಕು. ಯೋಚಿಸದೆ, ಎಲ್ಲಿ ಊರಿದರೆ ಬಲ ಚೆನ್ನಾಗಿ ಬರುವುದೋ ಅಲ್ಲಿ ಊರಬೇಕು. ಆಗ ಒಂದು ಅಂಗೈಯ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಎಷ್ಟು ಬರುವುದೋ ಅದು ಮೊದಲ ಅಂದಾಜು. ತಾತನ ಉಕ್ಕಿನ ಅಡಿಕೋಲು ಸಾಲಲಿಲ್ಲ. ತಾಯಿಯ ಹೊಲಿಗೆಯ ಪೆಟ್ಟಿಗೆಯಿಂದ ಟೇಪು ಬಂದಿತು. ಅರುವತ್ತೊಂಬತ್ತು ಸೆಂಟಿಮೀಟರ್.

"ಹಾಗಾದರೆ ಅರುವತ್ತೊಂಬತ್ತಕ್ಕೆ ಕತ್ತರಿಸಿಬಿಡೋಣ" ಎಂದಳು ಹುಡುಗಿ. ತಾತ ತಲೆಯಲ್ಲಾಡಿಸಿದರು. ರೀಮು ಕಾಗದವನ್ನು ಒಂದೇ ಸಲಕ್ಕೆ ಗೆರೆಗೆ ಸರಿಯಾಗಿ ಕತ್ತರಿಸಲು ಹೋಗಿ, ಅಂಕಣದ ಕೊನೆಯ ಪೈಸೆಗಳ ಸಾಲನ್ನೇ ಹಾರಿಸಿಬಿಟ್ಟ ಹುಡುಗರನ್ನು ಅವರು ಎಷ್ಟೋ ಮಂದಿಯನ್ನು ಕಂಡಿದ್ದರು. "ಮೊದಲು ಹಿಡಿಗಳನ್ನು ಒಳಕ್ಕೆ ಸರಿಸು. ಕೊಳವೆ ಇದ್ದಲ್ಲಿಯೇ ಇರಲಿ. ಓಡಿಸಿ ನೋಡು, ಆಮೇಲೆ ಗರಗಸದ ಮಾತು" ಎಂದರು.

ಹಿಡಿ, ಬ್ರೇಕಿನ ಸನ್ನೆ, ಗೇರಿನ ಸನ್ನೆ ಮೂರನ್ನೂ ಅಲನ್ ಕೀಲಿಯಿಂದ ಸಡಿಲಿಸಿ, ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಒಳಕ್ಕೆ ಸರಿಸಿದರು. ಅಗಲ ೭೪೦ ಆಯಿತು. ತುದಿಗಳಲ್ಲಿ ಬೋಳು ಕೊಳವೆ ಚಾಚಿಕೊಂಡು ನೋಡಲು ವಿಕಾರವಾಗಿತ್ತು. ಅದು ಪೊದೆಗೆ ಸಿಕ್ಕೀತೆಂದು ಮೊದಲ ಪರೀಕ್ಷೆ ಬಯಲುಹಾದಿಯಲ್ಲೇ ನಡೆಯಿತು. ಆ ಭಾನುವಾರ ಜೋಮು ಕಡಿಮೆಯಾಗಿತ್ತು, ಬೆನ್ನಿನ ಉರಿ ಹಾಗೆಯೇ ಇತ್ತು. ಮುಂದಿನ ವಾರ ಮೂರು ದಿನ ಬೆಳಿಗ್ಗೆ ಕೆಲಸಕ್ಕೆ ಮೊದಲೇ ಹೋಗಿ ೭೦೦ರಲ್ಲಿ ಓಡಿಸಿದಳು. ಏರುದಾರಿಯಲ್ಲಿ ಸುಖವೇ ಸುಖ. ಮೊಣಕೈ ಸಹಜವಾಗಿ ಬಾಗಿತು, ಬೆನ್ನು ತಣ್ಣಗಾಯಿತು. ಆದರೆ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಮುಂಚಕ್ರ ಚಂಚಲವಾಯಿತು. ಸ್ವಲ್ಪ ಅಲುಗಿದರೂ ಸರ್ರೆಂದು ತಿರುಗುತ್ತಿತ್ತು. ೬೮೦ನ್ನೂ ಒಂದು ದಿನ ನೋಡಿ, ಅದು ಪೇಟೆಯ ಸಂದಣಿಗೆ ಸರಿಯೇ ಹೊರತು ಗುಡ್ಡಕ್ಕಲ್ಲವೆಂದು ಬಿಟ್ಟಳು. ಕೊನೆಗೆ ೭೨೦ರಲ್ಲಿ, ನಾಲ್ಕನೆಯ ಶನಿವಾರ, ಬೆಳಿಗ್ಗೆ ಮೂರು ಗಂಟೆ ಕಾಲ ಏರಿಳಿದು ಮನೆಗೆ ಬಂದಾಗ ಅವಳು ಮೊದಲು ಮಾಡಿದ ಕೆಲಸವೆಂದರೆ ತಟ್ಟೆಯ ತುಂಬ ಉಪ್ಪಿಟ್ಟು ಬಡಿಸಿಕೊಂಡದ್ದು. ಬೆನ್ನಿನ ಮಾತೇ ಎತ್ತಲಿಲ್ಲ. ತಾಯಿ ಅದನ್ನು ಗಮನಿಸಿದರು.

ತಾತನಿಗೆ ಮಾತ್ರ ಒಂದು ಆಸೆಯಿತ್ತು. ಬಾಗಿಲಿನ ಸಂದಿ ಅರುವತ್ತನಾಲ್ಕು ಸೆಂಟಿಮೀಟರ್. "ಇಷ್ಟಾಯಿತು, ಇನ್ನು ಎಂಟು ಸೆಂಟಿಮೀಟರ್ ತಾನೆ? ಅಲ್ಲಿಗೇ ತಂದುಬಿಟ್ಟರೆ ದಿನವೂ ಎತ್ತಿ ತಿರುಗಿಸುವ ಪೀಕಲಾಟ ತಪ್ಪುತ್ತದೆ" ಎಂದರು. ಮನೆಯಲ್ಲಿರುವ ಸಾಮಾನು ಮನೆಯ ಅಳತೆಗೆ ಇರಬೇಕೆಂಬುದು ಅವರ ಕಾಲದ ನ್ಯಾಯ. ಮೊಮ್ಮಗಳು ನಕ್ಕು, "ತಾತ, ನಾನು ಬಾಗಿಲಿನಲ್ಲಿ ಓಡಿಸುವುದು ಅರ್ಧ ನಿಮಿಷ. ಗುಡ್ಡದಲ್ಲಿ ಮೂರು ಗಂಟೆ" ಎಂದಳು. ಅವರಿಗೆ ಉತ್ತರ ತೋಚಲಿಲ್ಲ.

ಮರುದಿನ ಭಾನುವಾರ. ಕೊಳ್ಳುವವರು ಬರುವ ದಿನ. ಒಂದು ಸಲ ಕತ್ತರಿಸಿದರೆ ಆ ಆರಡಿ ಹುಡುಗನಿಗೆ ಹ್ಯಾಂಡಲು ಒಗ್ಗುವುದಿಲ್ಲ, ಬೆಲೆ ಕುಸಿಯುತ್ತದೆ, ಮಾರುವ ಮಾತೂ ಅಲ್ಲಿಗೆ ಮುಗಿಯುತ್ತದೆ. ಶನಿವಾರ ಸಂಜೆ ಗರಗಸ, ಅರ, ಗುರುತಿನ ಪೆನ್ಸಿಲ್ಲು ಎಲ್ಲವನ್ನೂ ಹೊಂದಿಸಿಟ್ಟುಕೊಂಡು ತಾತ ಸುಮ್ಮನೆ ಕುಳಿತರು. ಹಿಡಿಗಳನ್ನು ಬಿಚ್ಚಿಯಾಗಿತ್ತು. ಅಚ್ಚಿನ ಗೆರೆಯ ಮೇಲೆ ಕಾಗದದ ಪಟ್ಟಿ ಸುತ್ತಿ, ಸುತ್ತಿನ ಅಂಚು ಸರಿಯಾಗಿ ಕೂಡಿತೇ ಎಂದು ಮೂರು ಸಲ ನೋಡಿಯಾಗಿತ್ತು. ಎಡಗಡೆ ಮೂವತ್ತು ಮಿಲಿಮೀಟರ್, ಬಲಗಡೆ ಮೂವತ್ತು. ಆದರೂ ಕೈ ಏಳಲಿಲ್ಲ. ಮಗಳ ಮನಸ್ಸನ್ನು ಕೇಳದೆ ಕತ್ತರಿಸುವುದು ಹೇಗೆ? ಕೇಳಿದರೆ ಏನೆಂದಾಳೋ?

ಅಡಿಗೆಮನೆಯಿಂದ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಮಗಳು ಬಂದರು. ಸ್ವಲ್ಪ ಹೊತ್ತು ನಿಂತು ನೋಡಿದರು. "ಯಾಕಪ್ಪ, ನಿಲ್ಲಿಸಿಬಿಟ್ಟಿರಿ?"

"ಹಿಡಿದುಕೊಳ್ಳುವವರು ಬೇಕಮ್ಮ. ಅಲುಗಿದರೆ ಕೊಯ್ತ ಓರೆಯಾಗುತ್ತದೆ."

ಆಕೆ ನೆಲದ ಮೇಲೆ ಕುಳಿತು ಹ್ಯಾಂಡಲಿನ ಮಧ್ಯವನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದರು. ಎಡತೋಳು ಎಂದಿನಂತೆ ಸ್ವಲ್ಪ ಬಾಗಿಯೇ ಇತ್ತು. "ಹೂಂ" ಎಂದರು.

ಅಲ್ಯುಮಿನಿಯಮ್ ಮೆತುವಾದ ಲೋಹ. ಹಲ್ಲು ಸಣ್ಣದಿರುವ ಗರಗಸಕ್ಕೆ ಬೇಗ ಬಗ್ಗುತ್ತದೆ. (ಕಾರ್ಬನ್ನಿನ ಹ್ಯಾಂಡಲಾಗಿದ್ದರೆ ನೀರು ಚಿಮುಕಿಸುತ್ತ, ಮೂಗು ಬಾಯಿ ಕಟ್ಟಿಕೊಂಡು ಕತ್ತರಿಸಬೇಕು, ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು.) ಐದು ನಿಮಿಷದಲ್ಲಿ ಎಡದ ತುಂಡು ಟಣ್ ಎಂದು ಬಿದ್ದಿತು. ಬಲದ್ದಕ್ಕೆ ಇನ್ನೂ ಕಡಿಮೆ ಹೊತ್ತು ಹಿಡಿಯಿತು. ಅಂಚಿನ ಮುಳ್ಳುಗಳನ್ನು ತಾತ ಒಳಗೂ ಹೊರಗೂ ಅರದಿಂದ ಉಜ್ಜಿ, ಬೆರಳಾಡಿಸಿ ನೋಡಿ, ಕೊಳವೆಯ ಬಾಯಿಗೆ ಬಿರಡೆಗಳನ್ನು ಮರೆಯದೆ ತುರುಕಿದರು. ತೆರೆದ ಕೊಳವೆಯ ಮೇಲೆ ಬಿದ್ದರೆ ಅದು ಮೈಯನ್ನು ಕೊರೆದುಬಿಡುತ್ತದೆ. ಚಿಕ್ಕ ವಸ್ತು, ಹಲವರು ಅಲಕ್ಷ್ಯ ಮಾಡುವಂಥದು. ಅಳೆದಾಗ ಸರಿಯಾಗಿ ೭೨೦.

ತಾಯಿ ಎದ್ದುಹೋಗಿ ಫೋನು ಮಾಡಿದ್ದು ಹಜಾರಕ್ಕೆ ಕೇಳಿಸಿತು. "ಇಲ್ಲಾರೀ, ನಾಳೆ ಬರುವುದು ಬೇಡ. ಹ್ಯಾಂಡಲ್ ಕತ್ತರಿಸಿಬಿಟ್ಟಿದ್ದೇವೆ. ನಿಮ್ಮ ಹುಡುಗನಿಗೆ ಆಗುವುದಿಲ್ಲ... ಹೌದು, ಇವಳ ಅಳತೆಗೆ."

ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ಮೊಮ್ಮಗಳು ಎದ್ದು ಬಂದಾಗ ಹಜಾರದಲ್ಲಿ ದೀಪ ಉರಿಯುತ್ತಿತ್ತು. ಬಾಗಿಲ ಬಳಿ ತಾಯಿ ಒಂದು ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆಯನ್ನೂ ಕೈಯಲ್ಲಿ ರಟ್ಟು ಬಡಿಯುವ ಮರದ ಸುತ್ತಿಗೆಯನ್ನೂ ಹಿಡಿದು ನಿಂತಿದ್ದರು. ಎಡಗಡೆಯ ಕದದ ಅಗುಳಿ ಎಣ್ಣೆ ಕುಡಿದು ತೊಯ್ದಿತ್ತು. ನಾಲ್ಕು ಪೆಟ್ಟಿಗೆ ಅದು ಸರಿಯಲಿಲ್ಲ. ಐದನೆಯದಕ್ಕೆ ಕಿರುಗುಟ್ಟಿಕೊಂಡು ಮೇಲಕ್ಕೆದ್ದಿತು. ಕದದ ಹಿಂದಿನಿಂದ ವರ್ಷಗಳ ಧೂಳೂ ಒಂದು ಹಳೆಯ ವಿವಾಹದ ಆಹ್ವಾನಪತ್ರಿಕೆಯೂ ಕೆಳಗೆ ಬಿದ್ದವು. ಹುಡುಗಿ ಸೈಕಲ್ಲನ್ನು ಎತ್ತದೆ, ತಿರುಗಿಸದೆ, ನೇರವಾಗಿ ಹೊರಕ್ಕೆ ತಳ್ಳಿಕೊಂಡು ಹೋದಳು. ಅವೆನ್ಯೂ ರಸ್ತೆಯಲ್ಲಿ ಆ ಹೊತ್ತಿಗೆ ಹೂವಿನ ಬುಟ್ಟಿಗಳನ್ನು ಹೇರಿಕೊಂಡು ಮಾರುಕಟ್ಟೆಯಿಂದ ಬರುವ ಒಂದೆರಡು ಗಾಡಿಗಳ ಹೊರತು ಬೇರೆ ಯಾರೂ ಇರಲಿಲ್ಲ.

"ಗೀರು ಬಿದ್ದ ಕಡೆ ಸ್ವಲ್ಪ ಬಣ್ಣ ಹಚ್ಚಬೇಕು, ಅಪ್ಪ" ಎಂದರು ತಾಯಿ, ಕದವನ್ನು ತೆರೆದೇ ಬಿಟ್ಟು ಒಳಗೆ ಬರುತ್ತ.